ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಹಾಕಿದರೆ ಕಂಪ್ಯೂಟರ್ ಒದ್ದಾಡುತ್ತದೆಯೇ? ರ‍್ಯಾಮ್ ಕೊಳ್ಳುವ ಮೊದಲು ಇದನ್ನು ನೋಡಿ

"ಅಕ್ಕಾ, ಮತ್ತೆ ನಿಂತೋಯ್ತು."

ಕೆಲವು ವರ್ಷದ ಹಿಂದೆ ನಮ್ಮ ಸ್ಟುಡಿಯೊದಲ್ಲಿ ದಿನಕ್ಕೆ ಎರಡು ಸಲವಾದರೂ ಈ ಮಾತು ಕೇಳುತ್ತಿತ್ತು. ಸಾಗರದಲ್ಲಿ ನನ್ನದೊಂದು ಸಣ್ಣ ಫೋಟೊ ಸ್ಟುಡಿಯೊ ಇದೆ. ಮದುವೆ, ಉಪನಯನ, ಗೃಹಪ್ರವೇಶ ಎಲ್ಲ ಮಾಡುತ್ತೇವೆ. ಮಳೆಗಾಲ ಮುಗಿದು ಮೇಳಗಳ ತಿರುಗಾಟ ಶುರುವಾದರೆ ರಾತ್ರಿಯಿಡೀ ಯಕ್ಷಗಾನದ ರೆಕಾರ್ಡಿಂಗ್ ಬೇರೆ. ಎರಡು ಕ್ಯಾಮೆರಾ ಇಟ್ಟರೆ ಒಂದು ಮದುವೆಗೆ ಸುಲಭವಾಗಿ 200 ಜಿಬಿ ಆಗುತ್ತದೆ. ಅದನ್ನೆಲ್ಲ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಹಾಕಬೇಕು. ಎಡಿಟ್ ಆದದ್ದನ್ನು ಗಿರಾಕಿಗಳು ತಂದ ಪೆನ್‌ಡ್ರೈವ್‌ಗೆ ಹಾಕಿಕೊಡಬೇಕು. ಅವರಿಗೋ ಊರಿನ ಬಸ್ಸಿನ ಚಿಂತೆ.

ನಮ್ಮ ಎಡಿಟಿಂಗ್ ಮೆಷಿನ್‌ನಲ್ಲಿ ವಿಂಡೋಸ್ ಅಲ್ಲ, ಲಿನಕ್ಸ್ ಮಿಂಟ್ ಇದೆ. ತೊಂದರೆ ಬರುತ್ತಿದ್ದದ್ದು ಹೀಗೆ: ಪೆನ್‌ಡ್ರೈವ್‌ಗೆ 7 ಜಿಬಿಯ ವಿಡಿಯೊ ಎಳೆದು ಹಾಕಿದರೆ ಮೊದಲ ಒಂದೆರಡು ಜಿಬಿ ಕಣ್ಣು ಮುಚ್ಚಿ ಬಿಡುವುದರೊಳಗೆ ಹೋಗುತ್ತಿತ್ತು. ಆಮೇಲೆ ಕಾಪಿ ಎಷ್ಟಾಯಿತು ಅಂತ ತೋರಿಸುವ ಪಟ್ಟಿ ಅಲ್ಲೇ ನಿಲ್ಲುತ್ತಿತ್ತು. ಫೈರ್‌ಫಾಕ್ಸ್ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಪಕ್ಕದಲ್ಲಿ ತೆರೆದಿದ್ದ ಎಡಿಟಿಂಗ್ ಪ್ರಾಜೆಕ್ಟ್ ಸೇವ್ ಕೊಟ್ಟರೆ ಅದೂ ಹಿಡಿದುಕೊಳ್ಳುತ್ತಿತ್ತು. ಸಿಸ್ಟಮ್ ಮಾನಿಟರ್ ತೆರೆದರೆ ಮೆಮೊರಿ ಪೂರ್ತಿ ತುಂಬಿದೆ, ಸ್ವ್ಯಾಪ್ (ಮೆಮೊರಿ ಸಾಲದಾಗ ಡಿಸ್ಕಿನಲ್ಲಿ ಬಳಸುವ ಜಾಗ) ಏರುತ್ತಿದೆ.

ಮೆಮೊರಿ ಸಾಲದು ಅಂದುಕೊಂಡೆ. 8 ಜಿಬಿ ಇತ್ತು, ಇನ್ನೊಂದು 8 ಜಿಬಿ ತಂದು ಹಾಕಿದೆ. ತೊಂದರೆ ಹೋಗಲಿಲ್ಲ, ಎರಡು ಪಟ್ಟಾಯಿತು! ಮೊದಲು ಎರಡೂವರೆ ನಿಮಿಷ ಒದ್ದಾಡುತ್ತಿದ್ದದ್ದು ಈಗ ಐದು ನಿಮಿಷ. ಅಲ್ಲಿಗೆ ನನಗೆ ಅನುಮಾನ ಬಂತು. ರ‍್ಯಾಮ್ ಕಡಿಮೆಯಾಗಿ ಹೀಗಾಗುತ್ತಿದ್ದರೆ ಜಾಸ್ತಿ ಹಾಕಿದಾಗ ಹೆಚ್ಚುವುದು ಹೇಗೆ, ಅಲ್ವಾ?

ಅಂಗಳ ದೊಡ್ಡದಾದರೆ ಅಡಿಕೆ ಬೇಗ ಸುಲಿಯುವುದಿಲ್ಲ

ನಮ್ಮ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಕೊನೆ (ಅಡಿಕೆ ಗೊನೆ) ಕೊಯ್ಲಿನ ದಿನ ಮರ ಹತ್ತುವ ಕೊನೆಗೌಡ ಮರದಿಂದ ಮರಕ್ಕೆ ಹೋಗಿ ಕೊನೆ ಇಳಿಸುತ್ತಲೇ ಇರುತ್ತಾನೆ. ಹೊತ್ತು ತಂದು ಅಂಗಳಕ್ಕೆ ಸುರಿಯುತ್ತಾರೆ. ಸುಲಿಯುವವರು ಮೆಟ್ಟುಗತ್ತಿಯ ಮುಂದೆ ಕೂತು ಒಂದೊಂದೇ ಸುಲಿಯಬೇಕು. ಕೊಯ್ಲು ಬೇಗ, ಸುಲಿತ ನಿಧಾನ. ಅಂಗಳ ತುಂಬಿ ಮನೆಯವರಿಗೆ ಕಾಲಿಡಲು ಜಾಗ ಇರುವುದಿಲ್ಲ. ಆಗ ಅಂಗಳ ದೊಡ್ಡದು ಮಾಡಿದರೆ ಏನಾಗುತ್ತದೆ? ಇನ್ನೂ ಹೆಚ್ಚು ಕೊನೆ ಬಂದು ಬೀಳುತ್ತದೆ, ಅಷ್ಟೇ. ಸುಲಿಯುವವರು ಅಷ್ಟೇ ಮಂದಿ.

ಕಂಪ್ಯೂಟರಿನ ಅಂಗಳ ಅಂದರೆ ರ‍್ಯಾಮ್. ನೀವು ಕಾಪಿ ಕೊಟ್ಟ ಕೂಡಲೇ ಲಿನಕ್ಸ್ ಅದನ್ನು ಪೆನ್‌ಡ್ರೈವ್‌ಗೆ ಬರೆಯುವುದಿಲ್ಲ. ಮೊದಲು ರ‍್ಯಾಮ್‌ನಲ್ಲಿ ಇಟ್ಟುಕೊಂಡು "ಆಯ್ತು" ಅನ್ನುತ್ತದೆ. ಆಮೇಲೆ ಹಿಂದಿನಿಂದ ನಿಧಾನವಾಗಿ ಬರೆಯುತ್ತದೆ. ಹೀಗೆ ರ‍್ಯಾಮ್‌ನಲ್ಲಿದ್ದು ಇನ್ನೂ ಡಿಸ್ಕ್ ಸೇರದ ಭಾಗಕ್ಕೆ ಡರ್ಟಿ ಪೇಜ್ ಎಂದು ಹೆಸರು. ಹೆಸರು ಕೇಳಿ ಹೆದರಬೇಡಿ, ಸುಲಿಯದ ಅಡಿಕೆ ಅಂದುಕೊಳ್ಳಿ.

ಎಷ್ಟು ಡರ್ಟಿ ಪೇಜ್ ಇರಬಹುದು ಅನ್ನುವುದಕ್ಕೆ ಲಿನಕ್ಸ್ ಕರ್ನೆಲ್‌ನಲ್ಲಿ, ಅಂದರೆ ಲಿನಕ್ಸಿನ ತಿರುಳಿನಲ್ಲಿ, ಎರಡು ಗಡಿ ಇವೆ. ಸಿಗುವ ಮೆಮೊರಿಯಲ್ಲಿ ಶೇ 10 ದಾಟಿದರೆ ಹಿಂದಿನಿಂದ ಬರೆಯುವ ಕೆಲಸ ಚುರುಕಾಗುತ್ತದೆ. ಶೇ 20ರ ಹತ್ತಿರ ಬಂದರೆ ಬರೆಯುತ್ತಿರುವ ಪ್ರೋಗ್ರಾಮನ್ನೇ ತಡೆದು ನಿಲ್ಲಿಸುತ್ತದೆ. ಈ ಶೇಕಡಾ ಲೆಕ್ಕ ಬಂದದ್ದು ಕಂಪ್ಯೂಟರಿನಲ್ಲಿ 8 ರಿಂದ 64 ಎಂಬಿ ರ‍್ಯಾಮ್ ಇರುತ್ತಿದ್ದ ಕಾಲದಲ್ಲಿ. 64 ಎಂಬಿಯಲ್ಲಿ ಶೇ 20 ಅಂದರೆ 13 ಎಂಬಿ. ಯಾರಿಗೂ ತೊಂದರೆ ಇಲ್ಲ. ಈಗ ನೋಡಿ. ನನ್ನ 16 ಜಿಬಿ ಮೆಷಿನ್‌ನಲ್ಲಿ ಸುಮಾರು 12.5 ಜಿಬಿ ಸಿಗುವ ಮೆಮೊರಿ. ಅದರ ಶೇ 20 ಅಂದರೆ 2.5 ಜಿಬಿ. ಗಿರಾಕಿ ತಂದ ಪೆನ್‌ಡ್ರೈವ್ ಸೆಕೆಂಡಿಗೆ 8 ಎಂಬಿ ಬರೆಯುತ್ತದೆ. 2,500 ಭಾಗಿಸು 8. ಐದು ನಿಮಿಷದ ಮೇಲೆ! ನಾನು ಗಡಿಯಾರ ನೋಡಿ ಎಣಿಸಿದ ಐದು ನಿಮಿಷ ಇದೇ.

ಇದರಿಂದ ಮೆಮೊರಿ ಕೊರತೆ ಯಾಕೆ ಆಗುತ್ತದೆ ಅಂದರೆ, ಡಿಸ್ಕಿನಿಂದ ಓದಿ ಇಟ್ಟುಕೊಂಡ ನಕಲು (ಅದೇ ಕ್ಯಾಶ್) ಬೇಡ ಅಂದರೆ ಕರ್ನೆಲ್ ಅದನ್ನು ಆ ಕ್ಷಣವೇ ಎಸೆಯಬಹುದು. ಡಿಸ್ಕಿನಲ್ಲಿ ಮೂಲ ಇದೆಯಲ್ಲ. ಡರ್ಟಿ ಪೇಜನ್ನು ಎಸೆಯುವ ಹಾಗಿಲ್ಲ. ಎಸೆದರೆ ನಿಮ್ಮ ಫೈಲೇ ಹೋಯಿತು. ಪೆನ್‌ಡ್ರೈವ್ ಅದನ್ನು ಬರೆದುಕೊಳ್ಳುವವರೆಗೆ ಅದು ಜಾಗ ಹಿಡಿದು ಕೂರುತ್ತದೆ. ಅಷ್ಟರಲ್ಲಿ ಎಡಿಟಿಂಗ್ ಪ್ರೋಗ್ರಾಮ್ ಮೆಮೊರಿ ಕೇಳಿದರೆ ಕರ್ನೆಲ್ ಬೇರೆ ಯಾವುದನ್ನೋ ಸ್ವ್ಯಾಪ್‌ಗೆ ತಳ್ಳಬೇಕು. ಆ ಒದ್ದಾಟವೇ ನಿಮಗೆ ಕಾಣುವುದು.

ಮೊದಲು ನೋಡಿ, ಆಮೇಲೆ ಕೈ ಹಾಕಿ

ಕಮಾಂಡುಗಳನ್ನು ಇಲ್ಲಿ ನಾನು ಫೋನಿನಲ್ಲಿ ನಮ್ಮ ಹುಡುಗನಿಗೆ ಹೇಳುವ ಹಾಗೆ ಹೇಳುತ್ತೇನೆ. ನೀವು ಟೈಪ್ ಮಾಡುವಾಗ ಎಲ್ಲ ಇಂಗ್ಲಿಷ್ ಸಣ್ಣಕ್ಷರ.

ಟರ್ಮಿನಲ್ (ಕಮಾಂಡ್ ಬರೆಯುವ ಕಿಟಕಿ) ತೆರೆದು 'ಫ್ರೀ' ಬರೆದು, ಒಂದು ಸ್ಪೇಸ್, ಹೈಫನ್, ಎಚ್. ಎಂಟರ್. ಅಲ್ಲಿ 'ಫ್ರೀ' ಕಾಲಂ ನೋಡಿ ಗಾಬರಿಯಾಗುವವರೇ ಜಾಸ್ತಿ. ಅದು ಯಾವತ್ತೂ ಕಡಿಮೆಯೇ ಇರುತ್ತದೆ. ಖಾಲಿ ಮೆಮೊರಿಯನ್ನು ಲಿನಕ್ಸ್ ಸುಮ್ನೆ ಬಿಡುವುದಿಲ್ಲ, ಕ್ಯಾಶ್‌ಗೆ ಬಳಸುತ್ತದೆ. ಕೊನೆಯ 'ಅವೈಲಬಲ್' ಕಾಲಂ ನೋಡಿ. ಅಲ್ಲಿ ಒಂದೆರಡು ಜಿಬಿ ಇದ್ದೂ ಕಂಪ್ಯೂಟರ್ ಹಿಡಿದುಕೊಳ್ಳುತ್ತಿದ್ದರೆ ನಿಮ್ಮದು ನಿಜವಾದ ಕೊರತೆ ಅಲ್ಲ.

ಈಗ ಮುಖ್ಯವಾದದ್ದು. 'ವಾಚ್', ಸ್ಪೇಸ್, 'ಕ್ಯಾಟ್', ಸ್ಪೇಸ್, ಸ್ಲ್ಯಾಷ್, ಪಿ-ಆರ್-ಒ-ಸಿ, ಸ್ಲ್ಯಾಷ್, 'ಮೆಮ್‌ಇನ್ಫೊ'. ಮೆಮ್‌ಇನ್ಫೊ ಒಂದೇ ಪದ, ನಡುವೆ ಸ್ಪೇಸ್ ಇಲ್ಲ. ಎರಡೆರಡು ಸೆಕೆಂಡಿಗೆ ಬದಲಾಗುವ ಉದ್ದ ಪಟ್ಟಿ ಬರುತ್ತದೆ. ಅದರಲ್ಲಿ 'ಡರ್ಟಿ' ಮತ್ತು 'ರೈಟ್‌ಬ್ಯಾಕ್' ಎಂಬ ಎರಡು ಸಾಲು ಹುಡುಕಿ. ಮೊದಲನೆಯದು ಬರೆಯಲು ಕಾಯುತ್ತಿರುವುದು, ಎರಡನೆಯದು ಈಗ ಬರೆಯುತ್ತಿರುವುದು. ಲೆಕ್ಕ ಕೆಬಿಯಲ್ಲಿ. ಹಾಗಾಗಿ ಏಳು ಅಂಕಿ ಕಂಡರೆ ಜಿಬಿ ಅಂತ ತಿಳಿಯಿರಿ.

ಈ ಕಿಟಕಿಯನ್ನು ಪಕ್ಕಕ್ಕಿಟ್ಟು ಪೆನ್‌ಡ್ರೈವ್‌ಗೆ ದೊಡ್ಡ ಫೈಲ್ ಕಾಪಿ ಹಾಕಿ. ಡರ್ಟಿ ಸಾಲು ಏಳು ಅಂಕಿಗೆ ಏರಿ ಅಲ್ಲೇ ನಿಂತು, ಕಂಪ್ಯೂಟರೂ ಅದೇ ಹೊತ್ತಿಗೆ ನಿಂತರೆ ರೋಗ ಸಿಕ್ಕಿತು. ಮುಂದಿನ ಭಾಗ ನಿಮಗೆ. ಡರ್ಟಿ ಕೆಲವೇ ಸಾವಿರ ಕೆಬಿ ಇದ್ದೂ ಮೆಮೊರಿ ಖಾಲಿಯಾಗುತ್ತಿದ್ದರೆ ಅದರ ನಂತರದ ಭಾಗಕ್ಕೆ ಹೋಗಿ.

ಗಡಿಯನ್ನು ಎಂಬಿಯಲ್ಲಿ ಕಟ್ಟುವುದು

ಶೇಕಡಾ ಬಿಟ್ಟು ನೇರ ಬೈಟ್ ಲೆಕ್ಕದಲ್ಲಿ ಗಡಿ ಕೊಡಬಹುದು. ನಾನು ಇಟ್ಟುಕೊಂಡದ್ದು ಹಿಂದಿನಿಂದ ಬರೆಯುವುದು ಚುರುಕಾಗುವ ಗಡಿ 64 ಎಂಬಿ, ಪ್ರೋಗ್ರಾಮನ್ನು ತಡೆಯುವ ಕೊನೆಯ ಗಡಿ 256 ಎಂಬಿ. ಬೈಟ್‌ನಲ್ಲಿ 67108864 ಮತ್ತು 268435456.

ಮೊದಲು ಪರೀಕ್ಷೆಗೆ ಮಾತ್ರ (ಶುರುವಿನ 'ಸುಡೊ' ಅಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸು ಅಂತ): 'ಸುಡೊ', ಸ್ಪೇಸ್, 'ಸಿಸ್‌ಕಂಟ್ರೋಲ್' ಅಂತ ನಾವು ಹೇಳುವ ಎಸ್-ವೈ-ಎಸ್-ಸಿ-ಟಿ-ಎಲ್, ಸ್ಪೇಸ್, ಹೈಫನ್, ಡಬ್ಲ್ಯು, ಸ್ಪೇಸ್, 'ವಿಎಂ', ಡಾಟ್, 'ಡರ್ಟಿ', ಅಂಡರ್‌ಸ್ಕೋರ್, 'ಬ್ಯಾಕ್‌ಗ್ರೌಂಡ್', ಅಂಡರ್‌ಸ್ಕೋರ್, 'ಬೈಟ್ಸ್', ಈಕ್ವಲ್ ಟು, 67108864. ಈಕ್ವಲ್ ಚಿಹ್ನೆಯ ಎರಡೂ ಬದಿ ಸ್ಪೇಸ್ ಬೇಡ. ಇದೇ ರೀತಿ ಎರಡನೆಯದು, 'ಬ್ಯಾಕ್‌ಗ್ರೌಂಡ್' ಪದ ಮತ್ತು ಅದರ ಒಂದು ಅಂಡರ್‌ಸ್ಕೋರ್ ಬಿಟ್ಟು: 'ವಿಎಂ', ಡಾಟ್, 'ಡರ್ಟಿ', ಅಂಡರ್‌ಸ್ಕೋರ್, 'ಬೈಟ್ಸ್', ಈಕ್ವಲ್ ಟು, 268435456. ಹೀಗೆ ಮಾಡಿದ್ದು ಕಂಪ್ಯೂಟರ್ ಆಫ್ ಮಾಡುವವರೆಗೆ ಮಾತ್ರ ಇರುತ್ತದೆ. ಹಾಗಾಗಿ ಧೈರ್ಯವಾಗಿ ಮಾಡಿ ನೋಡಬಹುದು.

ಒಂದು ವಿಷಯ ಗೊತ್ತಿರಲಿ. ಬೈಟ್ ಗಡಿ ಕೊಟ್ಟ ಕೂಡಲೇ ಅದರ ಜೋಡಿ ಶೇಕಡಾ ಗಡಿ 0 ಅಂತ ತೋರಿಸುತ್ತದೆ. ಕೆಟ್ಟುಹೋಯಿತು ಅಂದುಕೊಂಡು ಅದನ್ನು ಮತ್ತೆ 20 ಮಾಡಲು ಹೋಗಬೇಡಿ. ಹೋದರೆ ಬೈಟ್ ಗಡಿ ಸೊನ್ನೆಯಾಗುತ್ತದೆ. ಎರಡರಲ್ಲಿ ಒಂದು ಮಾತ್ರ ನಡೆಯುವುದು.

ಈಗ ಅದೇ 7 ಜಿಬಿ ಫೈಲನ್ನು ಅದೇ ಪೆನ್‌ಡ್ರೈವ್‌ಗೆ ಹಾಕಿ. ನಾನು ಹಾಕಿದಾಗ ಡರ್ಟಿ ಮತ್ತು ರೈಟ್‌ಬ್ಯಾಕ್ ಸೇರಿ 256 ಎಂಬಿಯ ಸುತ್ತಮುತ್ತಲೇ ಇತ್ತು. ಫೈರ್‌ಫಾಕ್ಸ್ ಆರಾಮಾಗಿತ್ತು. ಪ್ರಾಜೆಕ್ಟ್ ಸೇವ್ ಆಯಿತು. ಆದರೆ ನಮ್ಮ ಹುಡುಗ ಮುಖ ಹುಳ್ಳಗೆ ಮಾಡಿದ. "ಅಕ್ಕಾ, ಕಾಪಿ ನಿಧಾನ ಆಯ್ತಲ್ಲ?" ಅಂದ. ಪಟ್ಟಿ ಮೊದಲಿನ ಹಾಗೆ ಹಾರುತ್ತಿರಲಿಲ್ಲ ನೋಡಿ. ಮೊಬೈಲ್‌ನಲ್ಲಿ ಟೈಮ್ ಇಟ್ಟೆವು. ಮೊದಲು ಪಟ್ಟಿ ಮುಗಿಯಲು 9 ನಿಮಿಷ, ಆಮೇಲೆ ಇಜೆಕ್ಟ್ ಕೊಟ್ಟರೆ "ಬರೆಯುತ್ತಿದೆ, ತೆಗೆಯಬೇಡಿ" ಅಂತ ಇನ್ನೂ 5 ನಿಮಿಷ. ಈಗ ಪಟ್ಟಿಗೇ 14 ನಿಮಿಷ, ಇಜೆಕ್ಟ್‌ಗೆ ಅರ್ಧ ನಿಮಿಷ. ಒಟ್ಟು ಹೆಚ್ಚುಕಡಿಮೆ ಅಷ್ಟೇ. ಮೊದಲು ಪಟ್ಟಿ ಸುಳ್ಳು ಹೇಳುತ್ತಿತ್ತು, ಈಗ ನಿಜ ಹೇಳುತ್ತಿದೆ.

ಆ ಸುಳ್ಳು ನಮಗೆ ಒಂದು ಸಲ ದುಬಾರಿಯಾಗಿದೆ. ಒಬ್ಬರು ಹಿರಿಯರು ಅವರ ಊರಿನ ಆಟದ ರೆಕಾರ್ಡಿಂಗ್ ಒಯ್ಯಲು ಬಂದಿದ್ದರು. ಪಟ್ಟಿ ಮುಗಿಯಿತು ಅಂತ ಹುಡುಗ ಪೆನ್‌ಡ್ರೈವ್ ಎಳೆದು ಕೊಟ್ಟುಬಿಟ್ಟ. ಮನೆಗೆ ಹೋಗಿ ಟಿವಿಗೆ ಹಾಕಿದರೆ ಎರಡನೇ ಪ್ರಸಂಗದ ಫೈಲ್ ತೆರೆಯಲೇ ಇಲ್ಲ. ಪಾಪ, ಮತ್ತೆ ಬಸ್ ಹತ್ತಿ ಬಂದರು. ಇಜೆಕ್ಟ್ ಕೊಡದೆ ತೆಗೆಯುವುದು ಈಗಲೂ ತಪ್ಪೇ. ಆದರೆ ಬಾಕಿ ಉಳಿಯುವುದು 2.5 ಜಿಬಿ ಅಲ್ಲ, ಹೆಚ್ಚೆಂದರೆ 256 ಎಂಬಿ. ಮಳೆಗಾಲದಲ್ಲಿ ಕರೆಂಟು ಹೋಗುವ ನಮ್ಮಂಥ ಊರುಗಳಿಗೆ ಇದೂ ಒಂದು ಲಾಭವೇ. ಮುಗಿಯಿತು ಅಂದ ಫೈಲುಗಳಲ್ಲಿ ಹೆಚ್ಚಿನವು ನಿಜವಾಗಿ ಡಿಸ್ಕಿನಲ್ಲಿರುತ್ತವೆ.

ಪರೀಕ್ಷೆ ಸರಿ ಅನಿಸಿದರೆ ಖಾಯಂ ಮಾಡಿ. ಇ-ಟಿ-ಸಿ ಫೋಲ್ಡರಿನೊಳಗೆ 'ಸಿಸ್‌ಕಂಟ್ರೋಲ್ ಡಾಟ್ ಡಿ' ಎಂಬ ಫೋಲ್ಡರ್ ಇದೆ. ಅದರಲ್ಲಿ ಸುಡೊ ಮೂಲಕ ಹೊಸ ಫೈಲ್ ಮಾಡಿ. ಹೆಸರು ಏನಾದರೂ ಇರಲಿ, ಕೊನೆಗೆ ಡಾಟ್, ಸಿ-ಒ-ಎನ್-ಎಫ್ ಇರಬೇಕು. ಅದರೊಳಗೆ ಎರಡು ಸಾಲು, ಎರಡೂ 'ವಿಎಂ' ಇಂದ ಶುರುವಾಗಿ ಅಂಕಿಯವರೆಗೆ. ಸುಡೊ, ಹೈಫನ್ ಡಬ್ಲ್ಯು ಎಲ್ಲ ಅಲ್ಲಿ ಬೇಡ. ರೀಸ್ಟಾರ್ಟ್ ಮಾಡಿ.

64, 256 ಎಂಬುದು ವೇದವಾಕ್ಯವಲ್ಲ. ನಿಮ್ಮ ಎಕ್ಸ್‌ಟರ್ನಲ್ ಡಿಸ್ಕ್ ಎರಡು ಮೂರು ಸೆಕೆಂಡಿನಲ್ಲಿ ಬರೆಯಬಹುದಾದಷ್ಟು ಕೊನೆಯ ಗಡಿ ಇಡಿ ಅನ್ನುವುದು ನನ್ನ ಅಂದಾಜು. ಸೆಕೆಂಡಿಗೆ 100 ಎಂಬಿ ಬರೆಯುವ ಹಾರ್ಡ್ ಡಿಸ್ಕಿಗೆ 256 ಸರಿ. ಪೆನ್‌ಡ್ರೈವ್ ಲೆಕ್ಕಕ್ಕೆ ಇಡಲು ಹೋದರೆ 24 ಎಂಬಿ ಇಡಬೇಕಾಗುತ್ತದೆ, ಆಗ ಒಳಗಿನ ಡಿಸ್ಕಿಗೂ ಕಷ್ಟ. ಈ ಗಡಿ ಎಲ್ಲ ಡಿಸ್ಕಿಗೂ ಒಟ್ಟಾಗಿ ಇರುವಂಥದ್ದು, ಮರೆಯಬೇಡಿ. ನಮ್ಮ ಒಳಗಿನ ಎಸ್‌ಎಸ್‌ಡಿಗೆ ರೆಂಡರ್ ಮಾಡುವಾಗ ನನಗೆ ವ್ಯತ್ಯಾಸ ಕಾಣಲಿಲ್ಲ. ದೊಡ್ಡ ಡೇಟಾಬೇಸ್ ಓಡಿಸುವವರು ಮಾತ್ರ ಅಳೆದು ನೋಡಿ ಇಡಬೇಕು. ಕರ್ನೆಲ್ 6.2ರಿಂದ ಈಚೆಗೆ ಒಂದೊಂದು ಡಿಸ್ಕಿಗೂ ಬೇರೆ ಬೇರೆ ಬೈಟ್ ಗಡಿ ಕೊಡುವ ಸೌಲಭ್ಯವೂ ಇದೆ. ಆದರೆ ಗಿರಾಕಿಗಳ ಪೆನ್‌ಡ್ರೈವ್ ದಿನಕ್ಕೆ ಹತ್ತು ಬಗೆ ಬರುತ್ತವೆ. ಪ್ರತಿ ಸಲ ಚುಚ್ಚಿದಾಗಲೂ ಅದನ್ನು ಹೊಸದಾಗಿ ಕೊಡಬೇಕು. ಅಷ್ಟು ತಾಳ್ಮೆ ನನಗಿಲ್ಲ.

ಡರ್ಟಿ ಕಡಿಮೆ ಇದೆ, ಆದರೂ ಮೆಮೊರಿ ಹೋಗುತ್ತಿದೆ

ಇದು ನಮ್ಮ ಚಿಕ್ಕಮ್ಮನ ಮಗನ ಲ್ಯಾಪ್‌ಟಾಪಿನ ಕಥೆ. ಅವನು ಬೆಂಗಳೂರಿನಲ್ಲಿದ್ದಾನೆ, ಫೆಡೋರಾ ಎಂಬ ಇನ್ನೊಂದು ಬಗೆಯ ಲಿನಕ್ಸ್ ಬಳಸುತ್ತಾನೆ. ಹಳೆ ಫೋಟೊಗಳನ್ನೆಲ್ಲ ಒಂದೇ ಫೈಲಿನ ದೊಡ್ಡ ಗಂಟು ಮಾಡಿ ಟೆಂಪ್ (ತಾತ್ಕಾಲಿಕ ಫೈಲುಗಳ) ಫೋಲ್ಡರಿನಲ್ಲಿಟ್ಟು, ಅಲ್ಲಿಂದ ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕುತ್ತಿದ್ದ. ಫೆಡೋರಾದಲ್ಲಿ ಟೆಂಪ್ ಫೋಲ್ಡರ್ ಡಿಸ್ಕಿನಲ್ಲಿಲ್ಲ, ರ‍್ಯಾಮ್‌ನಲ್ಲೇ ಇದೆ. ಅಂದರೆ 5 ಜಿಬಿ ಗಂಟು 5 ಜಿಬಿ ರ‍್ಯಾಮ್ ತಿಂದಿತ್ತು. 2025ರಲ್ಲಿ ಬಂದ ಡೆಬಿಯನ್ 13ರಲ್ಲೂ ಹೀಗೆಯೇ. 'ಡಿಎಫ್', ಸ್ಪೇಸ್, ಹೈಫನ್, ಎಚ್, ಸ್ಪೇಸ್, ಸ್ಲ್ಯಾಷ್, ಟಿ-ಎಂ-ಪಿ ಕೊಟ್ಟು ನೋಡಿ. ಮೊದಲ ಕಾಲಮ್ಮಿನಲ್ಲಿ 'ಟೆಂಪ್‌ಎಫ್‌ಎಸ್' ಅಂದರೆ ಅದು ರ‍್ಯಾಮ್. ಗಂಟನ್ನು ನೇರ ಎಕ್ಸ್‌ಟರ್ನಲ್ ಡಿಸ್ಕಿನಲ್ಲೇ ಕಟ್ಟಿ.

ಅವನ ಇನ್ನೊಂದು ತಪ್ಪು, ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಪ್ರೋಗ್ರಾಮಿನಲ್ಲಿ ಎಲ್ಲಕ್ಕಿಂತ ಬಿಗಿಯಾದ 9ನೇ ಮಟ್ಟದ ಕಂಪ್ರೆಶನ್. ಅದಕ್ಕೆ ಒಂದು ಥ್ರೆಡ್‌ಗೇ 674 ಎಂಬಿ ಬೇಕು. ಇರುವ ಕೋರ್‌ಗಳನ್ನೆಲ್ಲ ಬಳಸು ಅಂದರೆ ಅದರ ಹಲವು ಪಟ್ಟು. ಫೋಟೊ, ವಿಡಿಯೊಗಳು ಮೊದಲೇ ಕಂಪ್ರೆಸ್ ಆಗಿರುತ್ತವೆ. ಹಿಂಡಿದ ಕಬ್ಬನ್ನು ಮತ್ತೆ ಗಾಣಕ್ಕೆ ಕೊಟ್ಟ ಹಾಗೆ. ಸುಮ್ನೆ ಹಾಗೇ ಕಾಪಿ ಮಾಡಿ.

ಯಾವುದಾದರೂ ಪ್ರೋಗ್ರಾಮ್ ತಾನಾಗಿ ಮಾಯವಾದರೆ 'ಸುಡೊ', ಸ್ಪೇಸ್, ಡಿ-ಎಂ-ಇ-ಎಸ್-ಜಿ ಕೊಟ್ಟು ಕೊನೆಯ ಸಾಲುಗಳನ್ನು ನೋಡಿ. 'ಔಟ್ ಆಫ್ ಮೆಮೊರಿ' ಎಂದಿದ್ದರೆ ಕರ್ನೆಲ್ ಯಾರನ್ನು ಕೊಂದಿತು ಅಂತ ಹೆಸರೂ ಅಲ್ಲೇ ಇರುತ್ತದೆ. ಹಾಗಿದ್ದರೆ ಕೊರತೆ ನಿಜ. ಆಗ ಮಾತ್ರ ರ‍್ಯಾಮ್ ಅಂಗಡಿಗೆ ಹೋಗಿ.

ಮೆಮೊರಿ ಸರಿ, ಡಿಸ್ಕೇ ನಿಧಾನ

ಅಂಗಳ ಸರಿಮಾಡಿದೆವು. ಸುಲಿಯುವವರ ಕಡೆಗೂ ನೋಡಬೇಕು. ಎಲ್-ಎಸ್-ಯು-ಎಸ್-ಬಿ, ಸ್ಪೇಸ್, ಹೈಫನ್, ಟಿ ಕೊಡಿ. ನಿಮ್ಮ ಡಿಸ್ಕಿನ ಸಾಲಿನ ಕೊನೆಗೆ 5000 ಇದ್ದರೆ ಅದು ಯುಎಸ್‌ಬಿ 3, 480 ಇದ್ದರೆ ಯುಎಸ್‌ಬಿ 2. ನಮ್ಮ ಕ್ಯಾಬಿನೆಟ್ಟಿನ ಮುಂದಿನ ಪೋರ್ಟುಗಳು ಯುಎಸ್‌ಬಿ 2. ಕೈಗೆ ಹತ್ತಿರ ಅಂತ ಎಲ್ಲರೂ ಅಲ್ಲೇ ಚುಚ್ಚುತ್ತಿದ್ದೆವು. ಅಲ್ಲಿ ಸೆಕೆಂಡಿಗೆ 35 ಎಂಬಿ ಬಂದರೆ ಪುಣ್ಯ. 200 ಜಿಬಿ ಮದುವೆಗೆ ಒಂದೂವರೆ ತಾಸಿನ ಮೇಲೆ. ಹಿಂದಿನ ನೀಲಿ ಪೋರ್ಟಿಗೆ ಹಾಕಿದರೆ ಅದೇ ಡಿಸ್ಕಿಗೆ ಸುಮಾರು ಅರ್ಧ ತಾಸು. ಹಿಂದಿನ ಪೋರ್ಟಿಗೆ ಹಾಕಿದರೂ 480 ಬಂದರೆ ಕೇಬಲ್ ಬದಲಿಸಿ ನೋಡಿ.

ಇನ್ನೊಂದು ಬಗೆ ಇದೆ. ಕಾಪಿ ಜೋರಾಗಿ ಶುರುವಾಗಿ ಹತ್ತಿಪ್ಪತ್ತು ಜಿಬಿ ಆದ ಮೇಲೆ ಸೆಕೆಂಡಿಗೆ 20 ಎಂಬಿಗೆ ಇಳಿಯುತ್ತದೆ. ಜೇಬಿನಲ್ಲಿಡುವ ಎರಡೂವರೆ ಇಂಚಿನ ಹಾರ್ಡ್ ಡಿಸ್ಕುಗಳಲ್ಲಿ ಬಹಳಷ್ಟು ಎಸ್‌ಎಂಆರ್ ಬಗೆಯವು. ಹೆಂಚು ಹೊದಿಸಿದ ಹಾಗೆ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಸ್ವಲ್ಪ ಏರಿಸಿ ಬರೆಯುತ್ತವೆ. ನಡುವಿನ ಹೆಂಚು ಬದಲಿಸಬೇಕಾದರೆ ಪಕ್ಕದ್ದನ್ನೂ ಎಬ್ಬಿಸಬೇಕಲ್ಲ, ಹಾಗೆಯೇ ಒಂದು ಕಡೆ ಬರೆಯಲು ಇಡೀ ಪಟ್ಟಿಯನ್ನೇ ಮತ್ತೆ ಬರೆಯಬೇಕು. ಡಿಸ್ಕಿನೊಳಗಿನ ಸಣ್ಣ ಕ್ಯಾಶ್ ಜಾಗ ತುಂಬುವವರೆಗೆ ಜೋರು, ಆಮೇಲೆ ಆಮೆ. ಇದಕ್ಕೆ ಯಾವ ಸೆಟ್ಟಿಂಗೂ ಮದ್ದಲ್ಲ. ನಾನು ರಾತ್ರಿ ಅಂಗಡಿ ಮುಚ್ಚುವಾಗ ಹಾಕಿ ಹೋಗುತ್ತೇನೆ. ಆರ್‌ಸಿಂಕ್ ಎಂಬ ಕಾಪಿ ಕಮಾಂಡ್ ಬಳಸಿದರೆ ನಡುವೆ ನಿಂತರೂ ಬೆಳಿಗ್ಗೆ ಉಳಿದ ಫೈಲುಗಳಿಂದ ಮುಂದುವರಿಸಬಹುದು.

ಡಿಸ್ಕು ಎನ್‌ಟಿಎಫ್‌ಎಸ್ (ವಿಂಡೋಸ್ ಬಳಸುವ ಫಾರ್ಮ್ಯಾಟ್) ಆಗಿದ್ದು, ಕಾಪಿ ವೇಳೆ ಸಿಸ್ಟಮ್ ಮಾನಿಟರಿನಲ್ಲಿ 'ಮೌಂಟ್ ಡಾಟ್ ಎನ್‌ಟಿಎಫ್‌ಎಸ್' ಎಂಬುದು ಪ್ರೊಸೆಸರ್ ತಿನ್ನುತ್ತಿದ್ದರೆ ಹಳೆಯ ಡ್ರೈವರ್ ನಡೆಯುತ್ತಿದೆ ಅಂತ ಅರ್ಥ. 2021ರ ಕರ್ನೆಲ್ 5.15ರಿಂದ ಕರ್ನೆಲ್ಲಿನೊಳಗೇ ಹೊಸ ಡ್ರೈವರ್ ಇದೆ. ಪೆನ್‌ಡ್ರೈವ್‌ಗೆ ನಾನು ಎಕ್ಸ್‌ಫ್ಯಾಟ್ ಫಾರ್ಮ್ಯಾಟ್ ಮಾಡಿಕೊಡುತ್ತೇನೆ. ಫ್ಯಾಟ್32ರಲ್ಲಿ ಒಂದೇ ಫೈಲ್ 4 ಜಿಬಿ ದಾಟುವಂತಿಲ್ಲ, ಯಕ್ಷಗಾನದ ಫೈಲು ಅದಕ್ಕೆಲ್ಲ ಕೇಳುತ್ತದೆಯೇ?

ಯಾರೋ ಹೇಳಿದರು ಅಂತ ಮಾಡಬೇಡಿ

ಕ್ಯಾಶ್ ಖಾಲಿ ಮಾಡುವ 'ಡ್ರಾಪ್ ಕ್ಯಾಶಸ್' ಕಮಾಂಡನ್ನು ಬಹಳ ಮಂದಿ ಹೇಳುತ್ತಾರೆ. ಅದು ಡರ್ಟಿ ಪೇಜುಗಳನ್ನು ಮುಟ್ಟುವುದೇ ಇಲ್ಲ. ಎಸೆಯುವುದು ಉಪಯೋಗಕ್ಕೆ ಬರುತ್ತಿದ್ದ ಕ್ಯಾಶನ್ನು. ಡಿಸ್ಕನ್ನು 'ಸಿಂಕ್' (ಬಂದದ್ದನ್ನು ಕೂಡಲೇ ಬರೆ) ಆಯ್ಕೆ ಕೊಟ್ಟು ಮೌಂಟ್ ಮಾಡಿ, ಅಂದರೆ ಜೋಡಿಸಿ, ಅನ್ನುವವರೂ ಇದ್ದಾರೆ. ಪೆನ್‌ಡ್ರೈವ್‌ನ ಅದೇ ಅದೇ ಜಾಗಕ್ಕೆ ಮತ್ತೆ ಮತ್ತೆ ಬರೆದು ಅದರ ಆಯಸ್ಸು ತಿನ್ನುತ್ತದೆ. ವೇಗವೂ ನೆಲ ಕಚ್ಚುತ್ತದೆ. ಸ್ವ್ಯಾಪ್ ಪೂರ್ತಿ ತೆಗೆದುಹಾಕುವುದನ್ನೂ ನಾನು ಮಾಡಿ ನೋಡಿದ್ದೇನೆ. ಕೆಲಸ ಸೇವ್ ಮಾಡುವ ಮೊದಲೇ ಎಡಿಟಿಂಗ್ ಪ್ರೋಗ್ರಾಮ್ ಹಾರಿಹೋಯಿತು.

ವಿಂಡೋಸ್ ಇರುವವರಿಗೆ

ನಮ್ಮ ಎದುರಿನ ಡಿಟಿಪಿ ಅಂಗಡಿಯಲ್ಲಿ ವಿಂಡೋಸ್. ಅಲ್ಲಿ 2018ರ ವಿಂಡೋಸ್ 10, 1809 ಆವೃತ್ತಿಯಿಂದ ಎಕ್ಸ್‌ಟರ್ನಲ್ ಡಿಸ್ಕುಗಳಿಗೆ 'ಕ್ವಿಕ್ ರಿಮೂವಲ್' (ಬರೆಯುವುದನ್ನು ಬಾಕಿ ಇಟ್ಟುಕೊಳ್ಳದ) ಎಂಬ ನೀತಿಯೇ ಮೊದಲಿನಿಂದ ಇರುತ್ತದೆ. ಯಾರಾದರೂ ಅದನ್ನು 'ಬೆಟರ್ ಪರ್ಫಾರ್ಮೆನ್ಸ್'ಗೆ ಬದಲಿಸಿದ್ದಾರೆಯೇ ನೋಡಿ. ಡಿವೈಸ್ ಮ್ಯಾನೇಜರಿನಲ್ಲಿ ಡಿಸ್ಕಿನ ಪ್ರಾಪರ್ಟೀಸ್, ಅದರಲ್ಲಿ ಪಾಲಿಸೀಸ್ ಟ್ಯಾಬ್. ರಿಸೋರ್ಸ್ ಮಾನಿಟರಿನ ಮೆಮೊರಿ ಟ್ಯಾಬಿನಲ್ಲಿ ಕಿತ್ತಳೆ ಬಣ್ಣದ 'ಮಾಡಿಫೈಡ್' ಭಾಗ ಕಾಪಿ ವೇಳೆ ಉಬ್ಬುತ್ತಿದ್ದರೆ ಬರೆಯಲು ಬಾಕಿ ಇರುವುದು ಹೆಚ್ಚುತ್ತಿದೆ ಅಂತ ಅನುಮಾನ ಪಡಬಹುದು. ನೀಲಿ 'ಸ್ಟ್ಯಾಂಡ್‌ಬೈ' ಎಷ್ಟಿದ್ದರೂ ಚಿಂತೆ ಇಲ್ಲ, ಅದು ಬೇಕಾದಾಗ ಬಿಟ್ಟುಕೊಡುವ ಮೆಮೊರಿ. ದೊಡ್ಡ ಫೈಲುಗಳಿಗೆ ಎಳೆದು ಹಾಕುವ ಬದಲು ವಿಂಡೋಸಿನ ರೋಬೊಕಾಪಿ ಕಮಾಂಡನ್ನು ಸ್ಲ್ಯಾಷ್ ಜೆ ಸೇರಿಸಿ ಬಳಸಿ. ಅದು ಕ್ಯಾಶ್‌ನ ಗೊಡವೆಗೆ ಹೋಗದೆ ನೇರ ಬರೆಯುತ್ತದೆ. ಸಾವಿರಾರು ಸಣ್ಣ ಫೋಟೊಗಳಿಗೆ ಮಾತ್ರ ಸ್ಲ್ಯಾಷ್ ಜೆ ಬೇಡ, ಅಲ್ಲಿ ನಿಧಾನವಾಗುತ್ತದೆ.

ಲಿನಕ್ಸಿನಲ್ಲಿ ಮಾಡಿದ ಬದಲಾವಣೆ ಬೇಡ ಅನಿಸಿದರೆ ನೀವು ಮಾಡಿದ ಆ ಎರಡು ಸಾಲಿನ ಫೈಲ್ ಅಳಿಸಿ, ರೀಸ್ಟಾರ್ಟ್ ಮಾಡಿ. ಮೊದಲಿನ 10, 20 ತಾನಾಗಿ ವಾಪಸ್ ಬರುತ್ತವೆ.